ಮುಯ್ಯಿ ಪುಸ್ತಕ ಮತ್ತು ಮದುವೆಯ ಲೆಕ್ಕ

ಮದುವೆಯ ಖರ್ಚಿನ ವಿಚಾರದಲ್ಲಿ ತಂದೆಯೂ ಮಗಳೂ ಮಾತು ಬಿಟ್ಟು ಆಪ್ತಸಲಹೆಗೆ ಬರುವುದು ಲಗ್ನದ ಕಾಲದಲ್ಲಿ ಪದೇ ಪದೇ ನಡೆಯುತ್ತದೆ. ಅಂಥ ಒಂದು ಪ್ರಕರಣವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ತಂದೆ ಮಂಡ್ಯ ಕಡೆಯ ಕಬ್ಬು ಬೆಳೆಗಾರರು. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವಳು. ಕೈಯಲ್ಲಿದ್ದ ಉಳಿತಾಯ 5 ಲಕ್ಷ ರೂಪಾಯಿ. ಪಟ್ಟಣದ ಕಲ್ಯಾಣ ಮಂಟಪದಲ್ಲಿ ಮಾಡುವುದಾದರೆ ಬೇಕಿದ್ದದ್ದು 12 ಲಕ್ಷ. ಉಳಿದ ಹಣಕ್ಕೆ ಜಮೀನಿನ ಮೇಲೆ ಸಾಲ ಎತ್ತಲು ತಂದೆ ನಿರ್ಧರಿಸಿದ್ದರು. ಮಗಳಾದರೋ, 1966ರಲ್ಲಿ ಕುವೆಂಪು ಅವರು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ನಡೆಸಿದ, ಪುರೋಹಿತರಿಲ್ಲದೆ ಪ್ರತಿಜ್ಞೆಗಳನ್ನು ಓದಿ ಸರಳವಾಗಿ ಮದುವೆಯಾಗುವ ಮಂತ್ರ ಮಾಂಗಲ್ಯದ ರೀತಿಯಲ್ಲಿ, ಐವತ್ತು ಜನರ ಎದುರು ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದಳು. ಮೊದಲ ಭೇಟಿಗಳಲ್ಲಿ ತಂದೆಯದು ಆಡಂಬರದ ಆಸೆ ಎಂದೇ ಆಕೆ ವಾದಿಸಿದಳು. ಅವರು ಹೆಚ್ಚು ಮಾತನಾಡಲಿಲ್ಲ.

ಮುಂದಿನ ಭೇಟಿಗೆ ಅವರು ಒಂದು ಹಳೆಯ ಉದ್ದನೆಯ ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ರಟ್ಟಿನ ಮೂಲೆಯಲ್ಲಿ ಅರಿಸಿನದ ಕಲೆ. ಒಳಗೆ ಹೆಸರುಗಳು, ಅವುಗಳ ಮುಂದೆ 11, 51, 101 ಎಂಬ ಮೊತ್ತಗಳು. ಅದು ಅವರ ಮನೆಯ ಮುಯ್ಯಿ ಪುಸ್ತಕ, ಅಂದರೆ ಮನೆಯ ಮದುವೆಗಳಲ್ಲಿ ಯಾರು ಎಷ್ಟು ಉಡುಗೊರೆ ಕೊಟ್ಟರೆಂದು, ಮುಂದೆ ತಿರುಗಿ ಕೊಡಲೆಂದು, ಬರೆದಿಟ್ಟ ಲೆಕ್ಕ. ಒಂದು ಹೆಸರಿನ ಮೇಲೆ ಬೆರಳಿಟ್ಟು ಹೇಳಿದರು: “ಮೇಡಂ, ನನ್ನ ತಂಗಿ ಮದುವೆಗೆ ಈ ಮನೆಯವರು ಒಂದು ಮೂಟೆ ಅಕ್ಕಿ ಹೊತ್ಕೊಂಡು ಬಂದಿದ್ರು. ಇವರನ್ನ ಬಿಟ್ಟು ಮಗಳ ಮದುವೆ ಮಾಡಿದ್ರೆ ಊರಲ್ಲಿ ಯಾವ ಮುಖ ಇಟ್ಕೊಂಡು ಓಡಾಡ್ಲಿ?” ಮಗಳು ಪುಸ್ತಕವನ್ನು ತನ್ನತ್ತ ಎಳೆದುಕೊಂಡು ಬಹಳ ಹೊತ್ತು ಹಾಳೆ ತಿರುವಿದಳು. “ಅಪ್ಪ, ಇದನ್ನ ನೀವು ಯಾವತ್ತೂ ನನಗೆ ತೋರಿಸಿರಲಿಲ್ಲ” ಎಂದಳು. ಈ ಪುಸ್ತಕದಲ್ಲಿರುವವರಲ್ಲಿ ಎಷ್ಟು ಜನ ಹೂವಿನ ವೇದಿಕೆ ನೋಡಲು ಬರುತ್ತಾರೆಂದು ನಾನು ಕೇಳಿದೆ. ಅವರು ಯೋಚಿಸಿ, “ಇವರು ಊಟಕ್ಕೆ ಬರೋ ಜನ, ಸ್ಟೇಜ್ ನೋಡೋಕೆ ಬರೋರಲ್ಲ” ಎಂದರು.

ಆ ಮಾತಿನ ಮೇಲೆಯೇ ನಾನು ಸಲಹೆ ಕೊಟ್ಟೆ. ಹಳೇ ಮೈಸೂರು ಭಾಗದಲ್ಲಿ ಆರತಕ್ಷತೆ ಮುಹೂರ್ತದ ಹಿಂದಿನ ಸಂಜೆಯೇ ನಡೆಯುವುದರಿಂದ ಛತ್ರದ ಬಾಡಿಗೆ ಎರಡು ದಿನಕ್ಕೆ ಬೀಳುತ್ತದೆ. ರಾತ್ರಿಯ ಊಟ, ಬೆಳಗಿನ ತಿಂಡಿ, ಧಾರೆಯ ಊಟ ಎಂದು ಮೂರು ಹೊತ್ತು ಬಡಿಸಬೇಕಾಗುತ್ತದೆ. ಅಲಂಕಾರ, ದೀಪ, ಫೋಟೊ, ವಿಡಿಯೊಗಳ ಖರ್ಚಿನಲ್ಲಿ ದೊಡ್ಡ ಪಾಲು ಆ ಒಂದು ಸಂಜೆಗೇ ಹೋಗುತ್ತದೆ. ಆದ್ದರಿಂದ ಜನರನ್ನು ಕಡಿಮೆ ಮಾಡಬೇಡಿ, ಆ ಸಂಜೆಯನ್ನು ಕೈಬಿಡಿ ಎಂದೆ. ಮನೆಯ ಮುಂದೆ ಚಪ್ಪರ ಹಾಕಿಸಿ, ಮಗಳ ಇಚ್ಛೆಯಂತೆ ಮಂತ್ರ ಮಾಂಗಲ್ಯದ ಪ್ರತಿಜ್ಞೆಗಳನ್ನು ಊರಿನವರೆದುರೇ ಓದಿಸಿ, ಪುಸ್ತಕದಲ್ಲಿರುವ ಪ್ರತಿ ಮನೆಯವರನ್ನೂ ಕರೆದು ಒಂದು ಹೊತ್ತು ತೃಪ್ತಿಯಾಗಿ ಉಣಬಡಿಸಿ. ಪತ್ರಿಕೆಗಳನ್ನು ಕಡಿಮೆ ಮಾಡಿಸಿ, ಆದರೆ ಮನೆಮನೆಗೆ ಹೋಗಿ ಕರೆಯುವುದನ್ನು ಬಿಡಬೇಡಿ. ಮದುವೆಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ ಎಂದೂ ಹೇಳಿದೆ. ಪುಸ್ತಕದಲ್ಲಿರುವ ಹಿರಿಯರನ್ನು ಕರೆಯಲು ಅಪ್ಪನ ಜೊತೆಗೆ ಮಗಳೂ ಹೋಗಬೇಕೆಂಬುದು ನನ್ನ ಒತ್ತಾಯವಾಗಿತ್ತು. ಮದುವೆ ನೆನಪಿನಲ್ಲಿ ಉಳಿಯಬೇಕೆಂದು ಬಯಸಿದ್ದವಳು ಆಕೆಯೇ, ಆ ಅಕ್ಕಿಮೂಟೆಯ ಕಥೆಯನ್ನು ಆ ಮನೆಯವರ ಬಾಯಿಂದಲೇ ಕೇಳಲಿ ಎಂಬುದು ನನ್ನ ಉದ್ದೇಶ.

ಆಪ್ತಸಲಹೆಗಾರರು ಹೀಗೆ ರೂಪಾಯಿಯ ಲೆಕ್ಕಕ್ಕೆ ಇಳಿಯಬಾರದು, ನಿರ್ಧಾರವನ್ನು ಕುಟುಂಬಕ್ಕೇ ಬಿಡಬೇಕು ಎಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೂ ಸಾಲ ಬೇಡವೆಂದು ನಾನು ನೇರವಾಗಿಯೇ ಹೇಳಿದೆ, ಮುಂದೆಯೂ ಹೇಳುತ್ತೇನೆ. ಏಕೆಂದರೆ ಮದುವೆಗೆ ತಂದ ಸಾಲದ ಬಡ್ಡಿ ತವರಿನವರನ್ನು ಹಿಂಡತೊಡಗಿದಾಗ, ಸಂಬಳದಲ್ಲಿ ಎಷ್ಟನ್ನು ಅಪ್ಪನಿಗೆ ಕಳಿಸಬೇಕೆಂಬ ಜಗಳ ಹೊಸ ಸಂಸಾರದಲ್ಲಿ ಹುಟ್ಟಿ, ಅದೇ ದಂಪತಿ ನನ್ನೆದುರು ಬಂದು ಕುಳಿತದ್ದನ್ನು ಕಂಡಿದ್ದೇನೆ. ಅದೇ ರೀತಿ, ಸರಳತೆಯ ಹೆಸರಿನಲ್ಲಿ ತಂದೆಯ ಋಣಭಾರವನ್ನು ಆಡಂಬರವೆಂದು ತಳ್ಳಿಹಾಕುವುದೂ ಅನ್ಯಾಯವೆಂದು ನಂಬುತ್ತೇನೆ.

ತಂದೆ ಬಹುತೇಕ ಎಲ್ಲವನ್ನೂ ಒಪ್ಪಿದರು. ಮದುವೆಯ ನಂತರ ಬೀಗರಿಗೆ ಹಾಕಿಸುವ ಬೀಗರೂಟವನ್ನು ಮಾತ್ರ ಬಿಡಲಾಗದೆಂದರು. ಬಿಡುವುದು ಬೇಡ, ಕಾರ್ಖಾನೆಯಿಂದ ಕಬ್ಬಿನ ಹಣ ಕೈಗೆ ಬಂದ ಮೇಲೆ ಮಾಡಿ, ಈ ಮಾತನ್ನು ಬೀಗರಿಗೆ ಮೊದಲೇ ತಿಳಿಸಿ ಎಂದೆ. ಹುಡುಗನ ಮನೆಯವರಿಗೆ ತಾನೇ ಹೇಳುವುದಾಗಿ ಮಗಳು ಒಪ್ಪಿಕೊಂಡಳು.