ಕೊಲೆಗಾರನನ್ನೇ ಬದಲಾಯಿಸಿಬಿಟ್ಟರೆ ಹೇಗೆ ಮೇಡಂ?

ಪತ್ತೇದಾರಿ ಕಾದಂಬರಿಗಳು ಟಿವಿಗೆ ಬಂದಾಗ ಏನೆಲ್ಲಾ ಬದಲಾಗುತ್ತದೆ, ಯಾಕೆ ಬದಲಾಗುತ್ತದೆ? ಈ ಸಲ ಬಂದ ಪ್ರಶ್ನೆಗಳೆಲ್ಲ ಇದರ ಸುತ್ತಲೇ ಇವೆ. ಉತ್ತರ ಬರೆಯುತ್ತಿರುವ ನಾನು ಬೆಂಗಳೂರಿನಲ್ಲೇ ಕೂತು ಇಪ್ಪತ್ತು ವರ್ಷದಿಂದ ಧಾರಾವಾಹಿಗಳಿಗೆ ಚಿತ್ರಕಥೆ ಬರೆಯುವವಳು. ಕೊಲೆಗಾರ ಯಾರೆಂದು ಎಲ್ಲೂ ಬಾಯಿ ಬಿಟ್ಟಿಲ್ಲ, ಧೈರ್ಯವಾಗಿ ಓದಿ. ಅಗಾಥಾ ಕ್ರಿಸ್ಟಿಯ 'ಆಂಡ್ ದೆನ್ ದೇರ್ ವರ್ ನನ್' ಓದದವರು ಮಾತ್ರ ಮೂರನೇ ಪ್ರಶ್ನೆ ಹಾರಿಸಿಬಿಡಿ.

ಪ್ರಶ್ನೆ: ಅವೆನ್ಯೂ ರಸ್ತೆಯಲ್ಲಿ ಅಗಾಥಾ ಕ್ರಿಸ್ಟಿಯ 'ಆರ್ಡೀಲ್ ಬೈ ಇನ್ನೊಸೆನ್ಸ್' ಹಳೇ ಪ್ರತಿ ಸಿಕ್ಕಿತು. ಮನೆಗೆ ತಂದು ಓದಿದರೆ ಕೊನೆಯ ಹಾಳೆಗಳೇ ಇಲ್ಲ! ಹೋಗಲಿ ಎಂದು ಟಿವಿ ಸರಣಿ ನೋಡಿ ಮುಗಿಸಿದೆ. ಈಗ ನಮ್ಮ ಅತ್ತಿಗೆ, ಪುಸ್ತಕದಲ್ಲಿ ಕೊಲೆಗಾರ ಬೇರೆ ಕಣೇ ಎನ್ನುತ್ತಾರೆ. ಹೀಗೂ ಮಾಡಬಹುದಾ ಮೇಡಂ?
– ರಾಜಾಜಿನಗರದ ಓದುಗರು

ಉತ್ತರ: ನಿಮ್ಮ ಅತ್ತಿಗೆ ಹೇಳಿದ್ದು ಸರಿ. ಕಾದಂಬರಿ 1958ರದು. ನೀವು ನೋಡಿದ್ದು ಬಿಬಿಸಿಗಾಗಿ ಸಾರಾ ಫೆಲ್ಪ್ಸ್ ಬರೆದ 2018ರ ಮೂರು ಕಂತಿನ ಸರಣಿ ಇರಬೇಕು. ಅದರಲ್ಲಿ ಕೊಲೆಗಾರ ಬೇರೆ. ಕದ್ದುಮುಚ್ಚಿ ಮಾಡಿದ್ದೇನಲ್ಲ, ಕ್ರಿಸ್ಟಿ ಕೃತಿಗಳ ಹಕ್ಕು ಇರುವ ಸಂಸ್ಥೆ ಒಪ್ಪಿಯೇ ಆದದ್ದು.

ಮಾಡಬಹುದಾ ಅಂದರೆ ಮಾಡಬಹುದು. ಆದರೆ ಕೆಲಸ ಜಾಸ್ತಿ. ಚುಕ್ಕಿ ರಂಗೋಲಿ ಹಾಕುವವರಿಗೆ ಇದು ಬೇಗ ತಿಳಿಯುತ್ತದೆ. ಮೊದಲು ಚುಕ್ಕಿ, ಆಮೇಲೆ ಗೆರೆ. ಪತ್ತೇದಾರಿ ಕಥೆಯಲ್ಲಿ ಸುಳಿವುಗಳೇ ಚುಕ್ಕಿ. ಕೊನೆಗೆ ನವಿಲು ಬರಲಿ ಎಂದು ಇಟ್ಟ ಚುಕ್ಕಿಗಳ ಮೇಲೆ ಕಮಲ ಎಳೆಯಲು ಹೋದರೆ ಅಲ್ಲೊಂದು ಇಲ್ಲೊಂದು ಚುಕ್ಕಿ ಅನಾಥವಾಗಿ ಉಳಿಯುತ್ತದೆ. ಕೊಲೆಗಾರನನ್ನು ಬದಲಾಯಿಸುವವರು ಮೊದಲ ದೃಶ್ಯದಿಂದಲೇ ಹೊಸದಾಗಿ ಚುಕ್ಕಿ ಇಡಬೇಕು.

ನಿಮ್ಮ ಸರಣಿಯನ್ನೇ ತೆಗೆದುಕೊಳ್ಳಿ. ಹಲವು ಮಕ್ಕಳನ್ನು ದತ್ತು ತೆಗೆದುಕೊಂಡ ತಾಯಿಯ ಕೊಲೆಯಾಗಿದೆ. ಒಬ್ಬ ಮಗ ಅಪರಾಧಿ ಎಂದಾಗಿ ಜೈಲಿನಲ್ಲಿ ಸತ್ತೂ ಹೋಗಿದ್ದಾನೆ. ಆಗ ಯಾರೋ ಒಬ್ಬ ಬಂದು, ಆ ಹೊತ್ತಿನಲ್ಲಿ ಅವನು ನನ್ನ ಕಾರಿನಲ್ಲಿದ್ದ ಎನ್ನುತ್ತಾನೆ. ಅಲ್ಲಿಗೆ ಮನೆಯಲ್ಲಿ ಉಳಿದವರೆಲ್ಲ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವಂತಾಗುತ್ತದೆ. ಇಲ್ಲಿಯವರೆಗೆ ಎರಡೂ ಒಂದೇ. ಪುಸ್ತಕದ ಕೊನೆ ಮಕ್ಕಳ ಪ್ರೀತಿಯನ್ನೂ ತನ್ನ ಹಿಡಿತದಲ್ಲೇ ಇಟ್ಟುಕೊಳ್ಳಲು ಹೋದ ಒಬ್ಬ ತಾಯಿಯ ಬಗ್ಗೆ ಯೋಚನೆಗೆ ಹಚ್ಚುತ್ತದೆ. ಸರಣಿಯ ಸಿಟ್ಟು ಇನ್ನೊಂದು ಕಡೆ ತಿರುಗುತ್ತದೆ. ಕೊಲೆಗಾರ ಬದಲಾದರೆ ಕಥೆ ಯಾರ ಮೇಲೆ ಕೋಪ ಮಾಡಿಕೊಂಡಿದೆ ಎನ್ನುವುದೇ ಬದಲಾಗುತ್ತದೆ, ಅಲ್ವಾ? ನನಗೆ ಪುಸ್ತಕದ ಕೊನೆಯೇ ಇಷ್ಟ. ಆದರೂ ಇದನ್ನು ಮೋಸ ಎನ್ನಲಾರೆ. ಹೊಸ ಕೊಲೆಗಾರನ ಸ್ವಭಾವವನ್ನು ಮೊದಲ ಕಂತಿನಿಂದಲೇ ನಮ್ಮ ಕಣ್ಣಮುಂದೆ ಇಟ್ಟಿದ್ದಾರೆ.

ಇದೇ ಕಾದಂಬರಿಗೆ 2007ರಲ್ಲಿ ಬ್ರಿಟನ್ನಿನ ಐಟಿವಿ ಚಾನೆಲ್ ಮಾಡಿದ್ದು ನೋಡಿದರೆ ನಗು ಬರುತ್ತದೆ. ಈ ಪುಸ್ತಕದಲ್ಲಿ ಇಲ್ಲವೇ ಇಲ್ಲದ, ಕ್ರಿಸ್ಟಿಯ ಬೇರೆ ಕಥೆಗಳ ಪತ್ತೇದಾರಿ ಮಿಸ್ ಮಾರ್ಪಲ್ ಅಜ್ಜಿಯನ್ನು ತಂದು ಆ ಮನೆಯೊಳಗೆ ಕೂರಿಸಿದರು. ಸರಣಿಯ ಹೆಸರೇ 'ಮಾರ್ಪಲ್', ಅಜ್ಜಿ ಬರಲೇಬೇಕಲ್ಲ! ಪುಸ್ತಕದಲ್ಲಿ ಕಷ್ಟಪಟ್ಟು ಸತ್ಯ ಹುಡುಕಿದವನಿಗೆ ಇಲ್ಲಿ ಕೆಲಸ ಕಡಿಮೆಯಾಯಿತು. ಇನ್ನೊಬ್ಬರ ಮನೆಯ ಮದುವೆಗೆ ಕರೆಯದೆ ಬಂದು ಓಡಾಟವೆಲ್ಲ ತಾನೇ ಮಾಡುವ ಅತ್ತೆ ಇರುತ್ತಾರಲ್ಲ, ಹಾಗೆ.

ಕೊನೆ ಹಾಳೆ ಇಲ್ಲದ ಪುಸ್ತಕವನ್ನು ಎಸೆಯಬೇಡಿ. ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದಂಗಡಿಗಳಲ್ಲಿ ಇನ್ನೊಂದು ಪ್ರತಿ ಹುಡುಕಿ, ಅಲ್ಲೇ ನಿಂತು ಕೊನೆಯ ಅಧ್ಯಾಯ ಓದಿಕೊಂಡು ಬನ್ನಿ. ಅಂಗಡಿಯವರು ಬೈದರೆ ನನ್ನ ಹೆಸರು ಹೇಳಬೇಡಿ.

ಪ್ರಶ್ನೆ: ನಾನು ನಿವೃತ್ತ ಗಣಿತದ ಮೇಷ್ಟ್ರು. ಜೆರೆಮಿ ಬ್ರೆಟ್‌ನ ಷರ್ಲಾಕ್ ಹೋಮ್ಸ್ ನೋಡಿದವನು. ಮೊಮ್ಮಗ ಮೊನ್ನೆ ಹೊಸ ಷರ್ಲಾಕ್ ತೋರಿಸಿದ. ಕುದುರೆ ಗಾಡಿ ಇಲ್ಲ, ಎಲ್ಲ ಮೊಬೈಲುಮಯ. ಇದನ್ನು ಕಾನನ್ ಡಾಯ್ಲ್ ಕಥೆ ಎಂದು ಹೇಗೆ ಕರೆಯುತ್ತಾರಮ್ಮ?
– ಮಲ್ಲೇಶ್ವರದ ಓದುಗರು

ಉತ್ತರ: ಮೇಷ್ಟ್ರೇ, ಆ ಮೊಬೈಲನ್ನೇ ಒಂದು ಸಲ ಕೈಗೆತ್ತಿಕೊಳ್ಳೋಣ.

1890ರ 'ದಿ ಸೈನ್ ಆಫ್ ಫೋರ್' ನೆನಪು ಮಾಡಿಕೊಳ್ಳಿ. ವಾಟ್ಸನ್ ಒಂದು ಜೇಬು ಗಡಿಯಾರ ಕೊಟ್ಟು, ಇದರ ಹಿಂದಿನ ಯಜಮಾನ ಎಂಥವನು ಹೇಳು ನೋಡೋಣ ಎನ್ನುತ್ತಾನೆ. ಆಗಿನ ಗಡಿಯಾರಕ್ಕೆ ದಿನಾ ರಾತ್ರಿ ಕೀಲಿ ಕೊಡಬೇಕಿತ್ತು. ಕೀಲಿ ಹಾಕುವ ತೂತಿನ ಸುತ್ತ ಗೀರುಗಳಿವೆ. ಕೈ ನಡುಗುವವನು ಕೀಲಿ ಹಾಕಲು ಹೋಗಿ ಪಕ್ಕಕ್ಕೆ ಗೀಚಿದ್ದಾನೆ. ಹಾಗಾದರೆ ಕುಡುಕ. ನಾಣ್ಯ, ಬೀಗದ ಕೈ ಜೊತೆ ಒಂದೇ ಜೇಬಿನಲ್ಲಿ ಇಟ್ಟು ಮೈಯೆಲ್ಲ ತಗ್ಗು ಮಾಡಿದ್ದಾನೆ. ಹಾಗಾದರೆ ಬೇಜವಾಬ್ದಾರಿ ಮನುಷ್ಯ. ಅವನು ವಾಟ್ಸನ್‌ನ ಅಣ್ಣ ಎಂದು ಹೋಮ್ಸ್ ಹೇಳುತ್ತಾನೆ. ಸರಿಯಾಗಿರುತ್ತದೆ.

ನಿಮ್ಮ ಮೊಮ್ಮಗ ತೋರಿಸಿದ 2010ರ ಸರಣಿಯಲ್ಲಿ ಅದೇ ಗಡಿಯಾರ ಮೊಬೈಲ್ ಆಗಿದೆ. ಗೀರುಗಳು ಚಾರ್ಜರ್ ಚುಚ್ಚುವ ಜಾಗದ ಸುತ್ತ ಇವೆ. ರಾತ್ರಿ ಚಾರ್ಜಿಗೆ ಹಾಕುವಾಗ ಕೈ ನಡುಗಿದೆ. ನಾಣ್ಯ, ಬೀಗದ ಕೈ ಎರಡೂ ಹಾಗೇ ಇವೆ. ಹಿಂದೆ 'ಹ್ಯಾರಿ ವಾಟ್ಸನ್' ಎಂದು ಕೆತ್ತಿದೆ. ಇದು ವಾಟ್ಸನ್‌ನ ಅಣ್ಣನದು ಎಂದುಬಿಡುತ್ತಾನೆ ಷರ್ಲಾಕ್. ಆಮೇಲೆ ಗೊತ್ತಾಗುತ್ತದೆ, ಹ್ಯಾರಿ ಅಂದರೆ ಹ್ಯಾರಿಯೆಟ್, ಅಣ್ಣನಲ್ಲ, ಅಕ್ಕ! ಪುಸ್ತಕ ಬಾಯಿಪಾಠ ಮಾಡಿಕೊಂಡು ಬಂದವರೂ ಅಲ್ಲಿ ಷರ್ಲಾಕ್ ಜೊತೆಗೇ ಜಾರಿ ಬೀಳುತ್ತಾರೆ. ಗಣಿತದ ಭಾಷೆಯಲ್ಲಿ ಹೇಳುವುದಾದರೆ ಸೂತ್ರ ಅದೇ, ಅಂಕಿ ಮಾತ್ರ ಬದಲು. ನಾನು ಇದಕ್ಕೆ ನೂರಕ್ಕೆ ನೂರು ಕೊಡುತ್ತೇನೆ.

ಅದೇ ಕಂತಿನಲ್ಲಿ ಇನ್ನೊಂದು ತುಂಟತನ ಇದೆ. 1887ರ 'ಎ ಸ್ಟಡಿ ಇನ್ ಸ್ಕಾರ್ಲೆಟ್'ನಲ್ಲಿ ಗೋಡೆ ಮೇಲೆ ರಕ್ತದಲ್ಲಿ 'ರಾಚೆ' ಎಂದು ಬರೆದಿರುತ್ತದೆ. ಪೊಲೀಸರು 'ರೇಚಲ್' ಎಂಬ ಹೆಸರು ಅರ್ಧಕ್ಕೆ ನಿಂತಿದೆ ಎನ್ನುತ್ತಾರೆ. ಹೋಮ್ಸ್, ಅಲ್ಲ, ಜರ್ಮನ್ ಭಾಷೆಯಲ್ಲಿ ಸೇಡು ಎಂದರ್ಥ ಎನ್ನುತ್ತಾನೆ. ಹೊಸದರಲ್ಲಿ ಪೊಲೀಸರ ಕಡೆಯವನೇ ಜರ್ಮನ್ ಸೇಡು ಎಂದು ಜಾಣತನ ತೋರಿಸಲು ಬರುತ್ತಾನೆ. ಷರ್ಲಾಕ್ ಅವನ ಮುಖಕ್ಕೆ ಬಾಗಿಲು ಹಾಕುತ್ತಾನೆ. ಸರಿಯುತ್ತರ ರೇಚಲ್. ಡಾಯ್ಲ್ ಓದದವರಿಗೆ ಇದು ಮಾಮೂಲಿ ದೃಶ್ಯ. ನಿಮ್ಮಂಥವರಿಗೆ ಇಟ್ಟ ಕಚಗುಳಿ.

ಒಂದು ವಿಷಯ ಮಾತ್ರ ಬದಲಾಯಿಸುವ ಅಗತ್ಯವೇ ಬೀಳಲಿಲ್ಲ. 1887ರಲ್ಲೂ ವಾಟ್ಸನ್ ಅಫ್ಘಾನಿಸ್ತಾನದ ಯುದ್ಧದಲ್ಲಿ ಗಾಯಗೊಂಡು ವಾಪಸಾದ ಸೇನಾ ವೈದ್ಯ. 2010ರಲ್ಲೂ ಅಷ್ಟೇ. ಇದಕ್ಕೆ ಖುಷಿಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ ಗೊತ್ತಾಗುವುದಿಲ್ಲ.

ಇನ್ನು ನಿಮ್ಮ ಬ್ರೆಟ್. 1984ರಿಂದ 1994ರವರೆಗೆ 41 ಕಂತು. ಮೂಲಕ್ಕೆ ಹತ್ತಿರ ಇದ್ದದ್ದು ನಿಜ. ಆದರೆ 1988ರ 'ದಿ ಡೆವಿಲ್ಸ್ ಫುಟ್' ಮತ್ತೆ ನೋಡಿ. ಹೋಮ್ಸ್ ಸಮುದ್ರ ತೀರದಲ್ಲಿ ಕೊಕೇನಿನ ಸಿರಿಂಜನ್ನು ಮರಳಿನಲ್ಲಿ ಹೂಳುತ್ತಾನೆ. ಅದು ಡಾಯ್ಲ್ ಬರೆದ ಕಥೆಯಲ್ಲಿ ಇಲ್ಲ. ಕುದುರೆ ಗಾಡಿ ಇದ್ದುದರಿಂದ ನಮಗೆ ಕಾಣಿಸಲಿಲ್ಲ ಅಷ್ಟೇ.

ಪ್ರಶ್ನೆ: 'ಆಂಡ್ ದೆನ್ ದೇರ್ ವರ್ ನನ್' ಕೊನೆಯಲ್ಲಿ ಇಬ್ಬರು ಬದುಕಿ ಉಳಿಯುತ್ತಾರೆ ಎಂದು ಅಪ್ಪ. ಯಾರೂ ಉಳಿಯುವುದಿಲ್ಲ ಎಂದು ನಾನು. ಮನೆಯಲ್ಲಿ ಎರಡು ದಿನದಿಂದ ಜಗಳ.
– ಬನಶಂಕರಿಯ ಓದುಗರು

ಉತ್ತರ: ಇಬ್ಬರೂ ಗೆದ್ದಿರಿ. ಊಟ ಮಾಡಿ. 1939ರ ಕಾದಂಬರಿಯಲ್ಲಿ ಯಾರೂ ಉಳಿಯುವುದಿಲ್ಲ. 1943ರಲ್ಲಿ ಅದನ್ನು ನಾಟಕ ಮಾಡಿದಾಗ ಕೊನೆಯನ್ನು ಬದಲಾಯಿಸಿದವರು ಸ್ವತಃ ಕ್ರಿಸ್ಟಿ. ಎಲ್ಲರೂ ಸತ್ತರೆ ರಂಗದ ಮೇಲೆ ನಿಂತು ನಡೆದದ್ದನ್ನು ಹೇಳುವವರು ಯಾರು? ಕಥೆಯ ಬೆನ್ನೆಲುಬಾದ ಆ ಮಕ್ಕಳ ಪದ್ಯಕ್ಕೂ ಎರಡು ಕೊನೆ ಸಾಲುಗಳಿದ್ದವು. ಒಂದರಲ್ಲಿ ಕೊನೆಯವನು ನೇಣು ಹಾಕಿಕೊಳ್ಳುತ್ತಾನೆ, ಇನ್ನೊಂದರಲ್ಲಿ ಮದುವೆಯಾಗುತ್ತಾನೆ. ಕಾದಂಬರಿಗೆ ಮೊದಲನೆಯದು, ನಾಟಕಕ್ಕೆ ಎರಡನೆಯದು. 1945ರ ಸಿನಿಮಾ ಹಿಡಿದದ್ದು ನಾಟಕದ ಕೊನೆಯನ್ನು. 2015ರ ಬಿಬಿಸಿ ಸರಣಿ ಕಾದಂಬರಿಗೇ ಮರಳಿತು. ಅದನ್ನು ಬರೆದದ್ದೂ ಫೆಲ್ಪ್ಸ್ ಅವರೇ.

ಪ್ರಶ್ನೆ: ಕ್ರಿಸ್ಟಿಯ ಪತ್ತೇದಾರ ಪ್ವಾರೊನ ಟಿವಿ ಸರಣಿಯಲ್ಲಿ ಹೇಸ್ಟಿಂಗ್ಸ್, ಇನ್‌ಸ್ಪೆಕ್ಟರ್ ಜ್ಯಾಪ್, ಮಿಸ್ ಲೆಮನ್ ಕಂತಿನ ಮೇಲೆ ಕಂತು ಬರುತ್ತಲೇ ಇರುತ್ತಾರೆ. ಪುಸ್ತಕದಲ್ಲಿ ಇಷ್ಟು ಕಾಣುವುದಿಲ್ಲವಲ್ಲ?
– ವಿಜಯನಗರದ ಓದುಗರು

ಉತ್ತರ: ಪುಸ್ತಕದಲ್ಲಿ ಪ್ವಾರೊ ತಲೆಯೊಳಗೆ ಯೋಚಿಸಬಹುದು. ಟಿವಿಯಲ್ಲಿ ಯಾರಿಗಾದರೂ ಬಾಯಿಬಿಟ್ಟು ಹೇಳಬೇಕು. ಅದಕ್ಕೇ ಆ ಮೂವರು. ಡೇವಿಡ್ ಸೂಶೆ 1989ರಿಂದ 2013ರವರೆಗೆ 70 ಕಂತು ಆಡಿದರು. ಮೊದಲಿನವು ಹೆಚ್ಚಾಗಿ ಸಣ್ಣ ಕಥೆಗಳು, ಒಂದು ಗಂಟೆ ತುಂಬಿಸಲು ಮನೆಮಂದಿ ಬೇಕಿತ್ತು.

ಕೆಲವು ಪುಸ್ತಕಗಳು ಮಾತ್ರ ಇಂಥ ರಿಪೇರಿಗೆ ಬಗ್ಗುವುದಿಲ್ಲ. 1926ರ 'ದಿ ಮರ್ಡರ್ ಆಫ್ ರಾಜರ್ ಆಕ್ರಾಯ್ಡ್' ನಿಂತಿರುವುದೇ ಕಥೆ ಹೇಳುವ ದನಿಯ ಮೇಲೆ. ಕ್ಯಾಮೆರಾಗೆ ಆ ದನಿ ಇಲ್ಲ. 2000ರ ಕಂತು ಕೊನೆಗೆ ಓಡಾಟ, ಗುಂಡಿನ ಸದ್ದು ಹಾಕಿ ಕೈ ತೊಳೆದುಕೊಂಡಿತು. ಇದಕ್ಕಿಂತ ಜಾಸ್ತಿ ಹೇಳಿದರೆ ಓದದವರು ನನಗೆ ಶಾಪ ಹಾಕುತ್ತಾರೆ.

ಪ್ರಶ್ನೆ: ಟಿವಿಯವರು ಮಾಡಿದ ಬದಲಾವಣೆಯನ್ನು ಲೇಖಕರೇ ಮೆಚ್ಚಿದ್ದು ಉಂಟಾ?
– ಯಲಹಂಕದ ಓದುಗರು

ಉತ್ತರ: ಉಂಟು. ಕಾಲಿನ್ ಡೆಕ್ಸ್ಟರ್ ಅವರ ಇನ್‌ಸ್ಪೆಕ್ಟರ್ ಮೋರ್ಸ್ ಪುಸ್ತಕದಲ್ಲಿ ಓಡಿಸುತ್ತಿದ್ದದ್ದು ಲ್ಯಾನ್ಸಿಯಾ ಕಾರು. 1987ರಲ್ಲಿ ಶುರುವಾದ ಸರಣಿಯಲ್ಲಿ ಕೆಂಪು ಜಾಗ್ವಾರ್ ಬಂತು. ಜನ ಆ ಕಾರನ್ನು ಎಷ್ಟು ಹಚ್ಚಿಕೊಂಡರೆಂದರೆ ಡೆಕ್ಸ್ಟರ್ ಆಮೇಲೆ ಪುಸ್ತಕದಲ್ಲೂ ಜಾಗ್ವಾರ್ ಮಾಡಿದರು. ಪುಸ್ತಕದಲ್ಲಿ ವಯಸ್ಸಾಗಿದ್ದ ಸಹಾಯಕ ಲೂಯಿಸ್ ಟಿವಿಯಲ್ಲಿ ಹುಡುಗನಾದ. ಡೆಕ್ಸ್ಟರ್ ತಕರಾರು ಮಾಡುವ ಬದಲು ಕಂತುಗಳಲ್ಲಿ ತಾವೇ ಎಲ್ಲೋ ಮೂಲೆಯಲ್ಲಿ ಒಂದು ಕ್ಷಣ ಕಾಣಿಸಿಕೊಂಡು ಹೋಗುತ್ತಿದ್ದರು.

ಪ್ರಶ್ನೆ: ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ತಾತ ಬಾಡಿಗೆ ಲೈಬ್ರರಿಯಿಂದ ತಂದು ಓದುತ್ತಿದ್ದರು. ನನಗೂ ಆ ಹುಚ್ಚು ಹತ್ತಿದೆ. ಒಂದು ಹಳೇ ಕಥೆಯನ್ನು ಈಗಿನ ಬೆಂಗಳೂರಿಗೆ ತಂದು ವೆಬ್ ಸರಣಿ ಮಾಡುವ ಆಸೆ. ಏನೇನು ಬದಲಾಯಿಸಬೇಕು?
– ಕೆಂಗೇರಿಯ ಓದುಗರು

ಉತ್ತರ: ಮೊದಲು ಹಕ್ಕು. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಲೆಕ್ಕ ಶುರುವಾಗುವುದು ಮರುವರ್ಷದ ಜನವರಿಯಿಂದ. ಡಾಯ್ಲ್ ತೀರಿಕೊಂಡದ್ದು 1930ರಲ್ಲಿ, ಅವರ ಕಥೆಗೆ ಯಾರನ್ನೂ ಕೇಳಬೇಕಿಲ್ಲ. ಕ್ರಿಸ್ಟಿ 1976, ಹಾಗಾಗಿ 2036 ಮುಗಿಯುವವರೆಗೆ ಕೇಳಲೇಬೇಕು. ಕನ್ನಡದ ಕಾದಂಬರಿಯಾದರೆ ಲೇಖಕರ ಮನೆಯವರನ್ನು ಹುಡುಕಿ, ಬರವಣಿಗೆಯಲ್ಲೇ ಒಪ್ಪಿಗೆ ತೆಗೆದುಕೊಳ್ಳಿ. ಬಾಯಿಮಾತು ಬೇಡ.

ಆಮೇಲೆ ಕಾಲ. "ಕೊಲೆ ನಡೆದಾಗ ನಾನು ಮೈಸೂರಿನಲ್ಲಿದ್ದೆ ಸಾರ್" ಎನ್ನುವ ಸುಳ್ಳು ಹಳೇ ಕಾದಂಬರಿಯಲ್ಲಿ ನೂರು ಪುಟ ಓಡುತ್ತಿತ್ತು. ಈಗ ಮೊಬೈಲ್ ಟವರ್, ಸಿಸಿಟಿವಿ, ಫಾಸ್ಟ್ಯಾಗ್ ಮೂರೂ ಸೇರಿ ಹತ್ತು ನಿಮಿಷದಲ್ಲಿ ಮುಗಿಸುತ್ತವೆ. ನಿಮಗಿರುವುದು ಎರಡೇ ದಾರಿ. ಕಥೆಯನ್ನು ಅದರ ಕಾಲದಲ್ಲೇ ಬಿಡಿ. 1993ರಲ್ಲಿ ಬಾಸು ಚಟರ್ಜಿ ದೂರದರ್ಶನಕ್ಕೆ 'ಬ್ಯೋಮಕೇಶ್ ಬಕ್ಷಿ' ಮಾಡಿದಾಗ ಹಾಗೇ ಬಿಟ್ಟರು. ಪಂಚೆ ಉಟ್ಟ ರಜಿತ್ ಕಪೂರ್, ನಾಲ್ಕು ಗೋಡೆ, ಮಾತು. ಇವತ್ತಿಗೂ ನೋಡಿಸಿಕೊಂಡು ಹೋಗುತ್ತದೆ. ಇಲ್ಲವಾದರೆ ಸುಳ್ಳು ಹೇಳುವ ಕೆಲಸವನ್ನು ಫೋನಿಗೇ ಕೊಡಿ. ಫೋನು ಬಸ್ಸಿನ ಸೀಟಿನ ಕೆಳಗೆ ಕೂತು ಮೈಸೂರಿಗೆ ಹೋಯಿತು, ಆಸಾಮಿ ಕೆಂಗೇರಿಯಲ್ಲೇ ಉಳಿದ. ಹೆಸರು, ಕೆಲಸ, ಮನೆ ಏನು ಬೇಕಾದರೂ ಬದಲಾಯಿಸಿ, ಆದರೆ ಸುಳಿವನ್ನು ನೋಡುವವರ ಕಣ್ಣಿಗೆ ಬೀಳಿಸಿಯೇ ಮುಂದೆ ಹೋಗಿ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ಧಾರಾವಾಹಿಗೆ ಕೊಲೆಯ ಕಥೆ ಬರೆದಿದ್ದೆ. ನಿನ್ನೆ, ಮೊನ್ನೆ ರಾತ್ರಿ ಮನೆಯಲ್ಲೇ ಇದ್ದೆ ಎನ್ನುತ್ತಾನೆ ಒಬ್ಬ. ಅವನ ಗೇಟಿಗೆ ತೂಗುಹಾಕಿದ ಚೀಲದಲ್ಲಿ ಎರಡು ದಿನದ ಹಾಲಿನ ಪ್ಯಾಕೆಟ್ ಹಾಗೇ ಇವೆ, ಒಂದು ಉಬ್ಬಿಕೊಂಡಿದೆ. ನಾಲ್ಕು ಸೆಕೆಂಡಿನ ಶಾಟ್. ಜಾಹೀರಾತಿಗೆ ಜಾಗ ಸಾಲದೆ ಎಡಿಟಿಂಗ್‌ನಲ್ಲಿ ಅದನ್ನೇ ಹಾರಿಸಿದರು. ಇನ್‌ಸ್ಪೆಕ್ಟರ್ ಕೊನೆಗೆ "ಹಾಲು ಒಡೆದಿತ್ತು" ಎಂದಾಗ ನಮ್ಮಮ್ಮನೇ ಟಿವಿ ಮುಂದೆ ಕೂತು, "ಯಾವ ಹಾಲೇ?" ಎಂದು ಕೇಳಿದರು.

ಹಾಗಾಗಿ ಸ್ಕ್ರಿಪ್ಟಿನಲ್ಲಿ ಸುಳಿವಿನ ಶಾಟ್ ಪಕ್ಕ ಕೆಂಪು ಪೆನ್ನಿನಲ್ಲಿ 'ಕತ್ತರಿಸಬಾರದು' ಎಂದು ಬರೆಯಿರಿ. ಎಡಿಟಿಂಗ್ ದಿನ ನೀವೇ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಎಡಿಟರ್‌ಗೆ ಬಿಸಿಬಿಸಿ ಖಾಲಿ ದೋಸೆ ಕಟ್ಟಿಸಿಕೊಂಡು ಹೋದರೆ ಇನ್ನೂ ಒಳ್ಳೆಯದು.