ನಾಲ್ಕೂವರೆಗೆ ಎದ್ರೂ ನೆಮ್ಮದಿ ಇಲ್ಲ ಅಕ್ಕಾ!

ಪ್ರಶ್ನೆ: ಅಕ್ಕಾ ನಮಸ್ತೆ. ಮನೇಲಿ ಅತ್ತೆ ಮಾವ, ನಾವಿಬ್ರು, ಎರಡು ಮಕ್ಳು. ಏಳೂವರೆಗೆ ಸ್ಕೂಲ್ ವ್ಯಾನ್, ಅಷ್ಟರೊಳಗೆ ತಿಂಡಿ, ಡಬ್ಬಿ, ಮಾವಂಗೆ ಶುಗರ್ ಮಾತ್ರೆ, ದೊಡ್ಡವನಿಗೆ ಸಾಕ್ಸ್ ಒಂದೇ ಸಿಗೋದು, ಚಿಕ್ಕವಳು ಜಡೆ ಹಾಕಿಸ್ಕೊಳ್ದೆ ಅಳೋದು, ನಮ್ಮನೆಯವ್ರು ಬಚ್ಚಲಿಂದ ಟವೆಲ್ ಎಲ್ಲಿ ಅಂತ ಕೂಗೋದು. ರೀಲ್ಸ್ ನೋಡಿ ನಾಲ್ಕೂವರೆಗೆ ಎದ್ದು ಧ್ಯಾನ ಶುರು ಮಾಡ್ದೆ. ಕೂತಲ್ಲೇ ತೂಕಡಿಕೆ, ಮಧ್ಯಾಹ್ನ ಆಫೀಸಲ್ಲಿ ತಲೆನೋವು, ಸಂಜೆ ಮಕ್ಳ ಮೇಲೆ ರೇಗಾಟ. ಅತ್ತೆ ಬೇರೆ "ಹೆಂಗೂ ಎದ್ದು ಸುಮ್ನೆ ಕೂತಿದೀಯಲ್ಲ, ಚಟ್ನಿಗೆ ಕಾಯಿ ತುರಿದುಬಿಡು" ಅಂತಾರೆ. ಏನ್ ಮಾಡ್ಲಿ?
- ಹೆಸರು ಬೇಡ, ದಾವಣಗೆರೆ

ಉತ್ತರ: ಮೊದ್ಲು ಆ ಅಲಾರಂ ತೆಗಿಯಮ್ಮಾ. ರಾತ್ರಿ ಪಾತ್ರೆ ತೊಳೆದು, ಒಲೆ ಒರೆಸಿ, ಮೊಬೈಲ್ ತಿರುವಿ ಮಲಗೋ ಹೊತ್ತಿಗೆ ಹನ್ನೊಂದೂವರೆ ಅಂತಿಟ್ಕೊಂಡ್ರೂ ನಾಲ್ಕೂವರೆಗೆ ಎದ್ರೆ ಸಿಗೋದು 5 ಗಂಟೆ ನಿದ್ದೆ, ದೊಡ್ಡವರಿಗೆ ಕಮ್ಮಿ ಅಂದ್ರೂ 7 ಬೇಕು. ನಿನಗೆ ಬಂದಿದ್ದು ಬರೀ ನಿದ್ದೆ, ಅದಕ್ಕೆ ಮನಸ್ಸು ಚಂಚಲ ಅಂತೆಲ್ಲಾ ಕೊರಗ್ಬೇಡ. ಬ್ರಾಹ್ಮೀ ಮುಹೂರ್ತ ಅಂತ ರೀಲ್ಸಲ್ಲಿ ಹೆದರಿಸ್ತಾರಲ್ಲ, ಅದು ಸೂರ್ಯ ಹುಟ್ಟೋಕೆ 96 ನಿಮಿಷ ಮುಂಚೆ ಶುರುವಾಗಿ 48 ನಿಮಿಷ ಇರತ್ತೆ, ಜೂನ್ ತಿಂಗಳಲ್ಲಿ ನಿಮ್ಮೂರಿಗೆ ಲೆಕ್ಕ ಹಾಕಿದ್ರೆ ನಾಲ್ಕೂ ಇಪ್ಪತ್ತರ ಹತ್ರ ಬರತ್ತೆ. ಹಿಂದಿನೋರು ಕತ್ತಲಾದ ಸ್ವಲ್ಪ ಹೊತ್ತಿಗೇ ಉಂಡು ಮಲಗ್ತಿದ್ರು, ಅದಕ್ಕೆ ಆ ಹೊತ್ತಿಗೆ ತಾನಾಗೇ ಎಚ್ಚರ ಆಗ್ತಿತ್ತು.

ಇನ್ನು ನಿಮ್ಮತ್ತೆ ವಿಷ್ಯ. ನಮ್ ಮನೆಗಳಲ್ಲಿ ಹೆಂಗಸು ಕಣ್ಮುಚ್ಚಿ ಕೂತ್ರೆ ಖಾಲಿ ಕೂತಿದಾಳೆ ಅಂತಾನೇ ಲೆಕ್ಕ, ಅದೇ ಹೊಸಿಲ ಮುಂದೆ ರಂಗೋಲಿ ಬಟ್ಟಲು ಹಿಡ್ಕೊಂಡು ಕೂತೋಳನ್ನ ಕಾಯಿ ತುರಿ ಬಾ ಅಂತ ಯಾವ ಅತ್ತೇನೂ ಕರೆಯಲ್ಲ. ಫಜರ್ ನಮಾಜ್‌ಗೆ ನಿಂತೋರನ್ನೂ ಅಷ್ಟೇ, ಯಾರೂ ಮಾತಾಡಿಸಲ್ಲ. ಮನೆಯೋರು ಮೊದ್ಲಿಂದ ಒಪ್ಪಿಕೊಂಡು ಬಂದಿರೋ ಕೆಲಸದೊಳಗೆ ನಿನ್ನ ಹತ್ತು ನಿಮಿಷ ಬಚ್ಚಿಟ್ಕೋ ಅಂತೀನಿ ನಾನು, ಹೊಸದೊಂದು ತಂದು ಅದಕ್ಕೆ ಎಲ್ಲರ ಪರ್ಮಿಷನ್ ಯಾಕೆ ಕೇಳ್ತೀಯ?

ಬಾಗಿಲಿಗೆ ಅಂಟಿಸಿರೋ ಸ್ಟಿಕ್ಕರ್ ರಂಗೋಲಿ ಇದ್ರೆ ಕಿತ್ತು ಬಿಸಾಕು. ನೀರು ಹಾಕಿ ತೊಳೆದು ಏಳರಿಂದ ನಾಲ್ಕರ ಸಂದು ಚುಕ್ಕಿ ಇಡು, ನಡುವಿನ ಸಾಲಲ್ಲಿ 7, ಆಮೇಲೆ ಆ ಕಡೆ ಈ ಕಡೆ 6, 5, 4, ಒಟ್ಟು 37 ಚುಕ್ಕಿ. ಒಂದು ಹೆಚ್ಚುಕಮ್ಮಿ ಆದ್ರೂ ಗೆರೆ ಕೂಡಲ್ಲ, ಹಂಗಾಗಿ ಅಷ್ಟೊತ್ತು ತಲೇಲಿ ಡಬ್ಬಿ ಚಿಂತೆಗೆ ಜಾಗನೇ ಇರಲ್ಲ. ಉಸಿರು ಎಣಿಸಿ ಅಂತ ಧ್ಯಾನದೋರು ಹೇಳೋದೂ ಇದನ್ನೇ ಅಲ್ವಾ? ಮಂಡಿನೋವು ಇದ್ರೆ ಬೇಡ, ಫಿಲ್ಟರ್ ಕಾಫಿ ಇದೆ. ಬಿಸಿನೀರು ಹುಯ್ದ ಮೇಲೆ ಡಿಕಾಕ್ಷನ್ ಇಳಿಯೋಕೆ ಹತ್ತು ಹದಿನೈದು ನಿಮಿಷ ಬೇಕೇ ಬೇಕು, ಆಗ ಬೀನ್ಸ್ ಹೆಚ್ಚಕ್ಕೆ ಕೂರ್ಬೇಡ, ಫೋನೂ ಬೇಡ, ಹಿತ್ಲ ಬಾಗಿಲಲ್ಲಿ ಹೋಗಿ ನಿಂತ್ಕೋ.

ಆದ್ರೆ ರಂಗೋಲಿ ಹಾಕಿದ್ರೆ ಸಾಕ್ಸ್ ಸಿಗಲ್ಲ, ಅದೂ ನಿಜ. ಯೂನಿಫಾರ್ಮ್, ಸಾಕ್ಸ್, ಬ್ಯಾಗ್ ರಾತ್ರಿನೇ ಮಕ್ಳೇ ತೆಗೆದಿಡ್ಲಿ. ಮಾವನ ಮಾತ್ರೆಗೆ ವಾರದ ಏಳು ಖಾನೆ ಇರೋ ಡಬ್ಬಿ ಮೆಡಿಕಲ್ ಶಾಪಲ್ಲಿ ಸಿಗತ್ತೆ, ಭಾನುವಾರ ತುಂಬಿಸಿಟ್ರೆ ಅವ್ರೇ ತಗೋತಾರೆ. ಜಡೆ ಅತ್ತೆಗೆ ವಹಿಸು, ಅಜ್ಜಿ ಹತ್ರ ಮಕ್ಳು ಅಷ್ಟು ಅಳಲ್ಲ. ಟವೆಲ್ ಎಲ್ಲಿ ಅಂತ ಕೂಗಿದ್ರೆ ಓಗೊಡಬೇಡ, ಒದ್ದೆ ಮೈಯಲ್ಲಿ ನಾಲ್ಕು ದಿನ ಹುಡುಕಿದ್ರೆ ಐದನೇ ದಿನ ತಾವೇ ತಗೊಂಡು ಹೋಗ್ತಾರೆ. ಜ್ವರ ಬಂದಾಗ, ನೆಂಟರು ಬಂದಾಗ ಎಲ್ಲಾ ತಪ್ಪತ್ತೆ, ತಪ್ಪಲಿ ಬಿಡು.

ಪ್ರಶ್ನೆ: ನಾನು ನಿವೃತ್ತ. ದಿನಾ ಬೆಳಗ್ಗೆ ಐದಕ್ಕೆ ಸ್ನಾನ ಮಾಡಿ ಜೋರಾಗಿ ಸುಪ್ರಭಾತ ಹಾಕ್ತೀನಿ, ಮನಸ್ಸಿಗೆ ಹಿತ. ಸೊಸೆ ಮುಖ ಗಂಟು ಹಾಕ್ಕೊಂಡು ಓಡಾಡ್ತಾಳೆ, ಅಮೆರಿಕದೋರ ಜೊತೆ ರಾತ್ರಿ ಮೀಟಿಂಗ್ ಇರತ್ತಂತೆ. ಸ್ವಂತ ಮನೇಲಿ ದೇವರ ನಾಮ ಕೇಳೋದೂ ತಪ್ಪಾ?
- ಓದುಗರು, ಬೆಂಗಳೂರು

ಉತ್ತರ: ಕೇಳಿ ಸರ್, ಖಂಡಿತ ಕೇಳಿ. ಸುಪ್ರಭಾತ ಇರೋದು ದೇವರನ್ನ ಏಳಿಸೋಕೆ, ನೀವು ಸೊಸೇನ ಏಳಿಸ್ತಿದೀರ. ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ವಾಕಿಂಗ್ ಹೋಗಿ, ಬರ್ತಾ ನಂದಿನಿ ಪ್ಯಾಕೆಟ್ ತಂದು ಡಿಕಾಕ್ಷನ್ ಹಾಕಿಡಿ. ಎದ್ದ ತಕ್ಷಣ ಆ ಹುಡುಗಿ ಕೈಗೆ ಒಂದು ಲೋಟ ಕಾಫಿ ಕೊಟ್ಟು ನೋಡಿ, ಏಳು ಗಂಟೆ ಆದ್ಮೇಲೆ ವಾಲ್ಯೂಮ್ ಎಷ್ಟಿಡ್ಬಹುದು ಅಂತ ಆಗ ಆರಾಮಾಗಿ ಚೌಕಾಸಿ ಮಾಡ್ಕೋಬಹುದು.