ಪ್ರತಿಕ್ರಿಯೆ: ರೈಜನ್ 5 2600 ಓವರ್‌ಕ್ಲಾಕ್ ಮಾಡೋದಾ, ಬದಲಿಸೋದಾ?

ಪಿಸಿಯಲ್ಲಿ ಆಟ ತಡವರಿಸುತ್ತದೆ, ರೈಜನ್ 5 2600 ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಲಾ (ಅಂದರೆ ನಿಗದಿತ ವೇಗಕ್ಕಿಂತ ಜಾಸ್ತಿ ಓಡಿಸಲಾ), ಬದಲಿಸಲಾ ಅಂತ ಕೇಳಿದ್ದೀರಿ. ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಇದ್ದೂ ಆಟ ಮಧ್ಯೆ ಮಧ್ಯೆ ತಡವರಿಸುತ್ತದೆ ಅಂದರೆ, ಬಹುಶಃ ಪ್ರೊಸೆಸರೇ ಹಿಂದೆ ಬೀಳುತ್ತಿದೆ. ಮೊದಲು ಆಟದ ರೆಸಲ್ಯೂಶನ್ ಇಳಿಸಿ ನೋಡಿ. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತವೆ ಅನ್ನುವ ಲೆಕ್ಕ) ಏರದಿದ್ದರೆ ತೊಂದರೆ ಪ್ರೊಸೆಸರ್‌ದೇ. ಚೆನ್ನಾಗಿ ಏರಿದರೆ ಗ್ರಾಫಿಕ್ಸ್ ಕಾರ್ಡ್‌ನದು. ಆಗ ಸುಮ್ನೆ ಪ್ರೊಸೆಸರ್‌ಗೆ ದುಡ್ಡು ಹಾಕಬೇಡಿ.

ಆಮೇಲೆ ಬಯೋಸ್‌ನಲ್ಲಿ (ಪಿಸಿ ಆನ್ ಆದಾಗ ಮೊದಲು ಓಡುವ, ಮದರ್‌ಬೋರ್ಡ್‌ನೊಳಗಿನ ತಂತ್ರಾಂಶ) ರ‍್ಯಾಮ್‌ನ ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಆನ್ ಇದೆಯಾ ನೋಡಿ. ರ‍್ಯಾಮ್ ಒಂದೇ ಸ್ಟಿಕ್ ಇದ್ದರೆ ಅಂಥದ್ದೇ ಇನ್ನೊಂದು ಹಾಕಿ.

ಓವರ್‌ಕ್ಲಾಕ್ ಬೇಡ ಅನ್ನುತ್ತೇನೆ. 2600 ತಾನಾಗಿಯೇ 3.9 ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ. ಕಷ್ಟಪಟ್ಟು 4.1ಕ್ಕೆ ಏರಿಸಿದರೂ ಲಾಭ ಅಷ್ಟಕ್ಕಷ್ಟೆ, ಬಿಸಿ ಮಾತ್ರ ಜಾಸ್ತಿ. ಪ್ರೊಸೆಸರ್ ಬದಲಿಸುವುದಾದರೆ, ನಿಮ್ಮ ಬಿ450 ಮದರ್‌ಬೋರ್ಡ್‌ನಲ್ಲೇ ಹೊಸ ಪೀಳಿಗೆಯ ರೈಜನ್ 5 5600 ಕೂರುತ್ತದೆ. ನಾನೂ ಅದನ್ನೇ ಹಾಕಿದ್ದು. ಬೋರ್ಡ್ ತಯಾರಕರ ಪಟ್ಟಿಯಲ್ಲಿ ಅದಕ್ಕೆ ಬೇಕಾದ ಬಯೋಸ್ ಆವೃತ್ತಿ ನೋಡಿ. ಹಳೆಯ ಪ್ರೊಸೆಸರ್ ಇರುವಾಗಲೇ ಅಪ್‌ಡೇಟ್ ಮಾಡಿ, ನಂತರ ಬಿಚ್ಚಿ.